ಬೆಳ್ಳಿ ತಂತಿ ಹಾಕಿಸಿಕೊಂಡ ವರ್ಷ

"ಕೂತು ಮಾತಾಡವ್ವಾ" ಎಂದರೂ ಗೋಡೆಗೆ ಒರಗಿ ನಿಂತೇ ಮಾತಾಡುವ ಹೆಂಗಸರನ್ನು ಕಂಡರೆ ನನಗೆ ಅನುಮಾನ ಬರುತ್ತದೆ. ಮೊನ್ನೆ ನಮ್ಮ ಓಣಿಗೆ ಹೊಸದಾಗಿ ಬಂದ ಒಬ್ಬ ಸೊಸೆ ಹೀಗೇ ನಿಂತಿದ್ದಳು. ಕೈಯಲ್ಲಿ ಹಸುಗೂಸು. ಚಾಪೆ ಹಾಸಿದೆ, ಮಣೆ ಕೊಟ್ಟೆ. "ಇರ್ಲಿರಿ ಆಯಿ, ನಿಂತೇ ಛಲೋ ಅನಸ್ತದ" ಎಂದಳು. ನಾನು ಸುತ್ತಿ ಬಳಸಿ ಕೇಳುವವಳಲ್ಲ. "ಕೆಳಗ ಏನರ ಹೊರಗ ಬರ್ತದೇನವ್ವಾ?" ಎಂದೆ. ಮೊದಲು ಅವಳಿಗೆ ಸಿಟ್ಟು ಬಂತು. ಆಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಗೋಡೆಗೆ ಮುಖ ಮಾಡಿ ಅತ್ತಳು.

ಅವಳನ್ನು ದವಾಖಾನೆಗೆ ಕಳಿಸಿ ಬಂದು ಇದನ್ನು ಬರೆಯಲು ಕೂತಿದ್ದೇನೆ. ಮಠದಲ್ಲಿ ಕಲಿತ ನಾಲ್ಕು ಅಕ್ಷರ ಬಿಟ್ಟರೆ ನನ್ನದೇನೂ ದೊಡ್ಡ ಓದಲ್ಲ. ಆ ವರ್ಷ ನನಗೆ ಏನಾಯಿತು, ಯಾವುದರ ಹಿಂದೆ ಯಾವುದಾಯಿತು ಎಂಬುದು ಈಗಲೂ ನನ್ನ ತಲೆಯಲ್ಲಿ ಗೊಂದಲವಾಗಿಯೇ ಇದೆ. ಇದ್ದ ಹಾಗೆ ಬರೆಯುತ್ತೇನೆ. ನಾಚಿಕೆಯವರು ಬೇಕಾದರೆ ಬಾಗಿಲು ಹಾಕಿಕೊಂಡು ಓದಲಿ.

ನನ್ನ ಹೆಸರು ನೀಲಮ್ಮ. ತವರು ಭಾತಂಬ್ರಾ, ಕೊಟ್ಟಿದ್ದು ಭಾಲ್ಕಿಗೆ. ನಮ್ಮ ಮನೆಯವರು ಸ್ಟೇಷನ್ ಹತ್ತಿರ ಒಂದು ಕಾಳಿನ ಅಡತಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಅವರು, ನಾನು, ಅತ್ತೆ ಗುರಮ್ಮ, ಎರಡು ಮಕ್ಕಳು. ಎರಡನೆಯ ಮಗಳು ಹುಟ್ಟುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯೂರಿ "ತಿಣಕು, ಇನ್ನಾ ಜೋರ್ ತಿಣಕು" ಎಂದು ಒದರುತ್ತಿದ್ದಳು. ತಿಣುಕಿದೆ. ಮಗಳು ಬಂದಳು. ಅವಳ ಜೊತೆಗೇ ಇನ್ನೇನೋ ಒಳಗೆ ಸಡಿಲವಾಯಿತು ಎಂದು ಆಗ ನನಗೆ ತಿಳಿಯಲಿಲ್ಲ.

ಬಾಣಂತಿತನ ಕಳೆದು ಓಣಿಯ ಹೆಂಗಸರ ಜೊತೆ ಬಯಲಿಗೆ ಹೋದೆ. ಕೂತು ಏಳುವಾಗ ಕೆಳಗೆ ಮೆತ್ತಗೆ, ಬೆಚ್ಚಗೆ ಏನೋ ಕೈಗೆ ಹತ್ತಿತು. ಇನ್ನೊಂದು ಕೂಸೇ ಉಳಿದುಕೊಂಡಿತ್ತೇನೋ ಎಂದು ಒಂದು ಕ್ಷಣ ಅನಿಸಿತು, ದೇವರಾಣೆ! ಗರ್ಭಚೀಲ ಜಾರಿತೋ, ಮೂಲವ್ಯಾಧಿಯೋ, ಯಾರಾದರೂ ಏನಾದರೂ ಮಾಡಿಸಿದ್ದಾರೋ ತಿಳಿಯಲಿಲ್ಲ. ಕೈಯಿಂದ ಮೆಲ್ಲಗೆ ಒತ್ತಿದೆ, ಒಳಗೆ ಹೋಯಿತು. ಸೀರೆ ಸರಿಮಾಡಿಕೊಂಡು ಉಳಿದವರ ಹಿಂದೆ ಮನೆಗೆ ಬಂದೆ. ಹಡೆದ ಮೇಲೆ ಎಲ್ಲರಿಗೂ ಹೀಗೇ ಆಗುತ್ತದೋ, ನನಗೊಬ್ಬಳಿಗೇ ಆಗಿದೆಯೋ ಎಂದು ಯಾರನ್ನು ಕೇಳುವುದು? ಕೇಳಲಿಲ್ಲ.

ಇನ್ನೊಂದು ತ್ರಾಸು ಇದಕ್ಕಿಂತ ವಿಚಿತ್ರ. ಹೋಗಬೇಕು ಅನಿಸುತ್ತದೆ, ಹೋದರೆ ಆಗುವುದಿಲ್ಲ. ತಿಣುಕಿದರೆ ಸ್ವಲ್ಪ ಆಗುತ್ತದೆ, ಅದರ ಜೊತೆ ಇದೂ ಹೊರಗೆ ಬರುತ್ತದೆ. ಒಳಗೊತ್ತಿ ಎದ್ದು ಬಂದರೆ, ಹೋಗಿ ಬಂದೆನೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ರೊಟ್ಟಿ ಬಡಿಯುವಾಗ, ಕೂಸಿಗೆ ಹಾಲು ಕುಡಿಸುವಾಗ, ಯಾರಾದರೂ ಮಾತಾಡಿಸುವಾಗ ನನ್ನ ಅರ್ಧ ಲಕ್ಷ್ಯವೆಲ್ಲ ಕೆಳಗೇ ಇರುತ್ತಿತ್ತು. ಕೆಮ್ಮಿದರೂ ಹೆದರಿಕೆ, ನೀರಿನ ಕೊಡ ಎತ್ತಿದರೂ ಹೆದರಿಕೆ. ನಗುವುದನ್ನಂತೂ ಬಿಟ್ಟೇಬಿಟ್ಟೆ.

ಈಗ ಎಡಗೈಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನಾವು ಲಿಂಗವಂತರು. ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದು ಮೈ ಬಿಟ್ಟು ಅಗಲುವಂತಿಲ್ಲ. ದಿನಾ ಸ್ನಾನವಾದ ಮೇಲೆ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು, ಬಲಗೈಯಿಂದ ವಿಭೂತಿ, ಹೂವು, ಪತ್ರಿ ಏರಿಸಿ ಪೂಜೆ ಮಾಡಬೇಕು. ಪೂಜೆಯಾಗದೆ ಬಾಯಿಗೆ ತುತ್ತು ಇಡುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ನನ್ನ ಕರುಳನ್ನು ಒಳಗೊತ್ತುತ್ತಿದ್ದದ್ದೂ ಅದೇ ಎಡಗೈ.

ಬೂದಿ ಹಚ್ಚಿ ತಿಕ್ಕಿದೆ, ಮಣ್ಣು ಹಚ್ಚಿ ತಿಕ್ಕಿದೆ, ಸೀಗೆಪುಡಿ ಹಚ್ಚಿದೆ. ಚರ್ಮ ಕೆಂಪಾಯಿತೇ ಹೊರತು ಮನಸ್ಸು ಒಪ್ಪಲಿಲ್ಲ. ಒಂದು ಬೆಳಗ್ಗೆ ಪೂಜೆಗೆ ಕೂತು ಅಂಗೈ ಚಾಚಿದೆ, ಲಿಂಗವನ್ನು ಅದರ ಮೇಲೆ ಇಡಲು ಆಗಲಿಲ್ಲ. ಎಲ್ಲರೂ ತೊಳೆದುಕೊಳ್ಳುವುದು ಎಡಗೈಯಿಂದಲೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ತೊಳೆದುಕೊಳ್ಳುವುದು ಬೇರೆ, ದಿನಕ್ಕೆ ಹತ್ತಾರು ಸಲ ಒಳಗಿನ ಕರುಳನ್ನೇ ಹಿಡಿದು ನೂಕುವುದು ಬೇರೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಯಾರೂ ಹಾಗೆ ಹೇಳಿರಲಿಲ್ಲ. ನಾನೇ ಮಾಡಿಕೊಂಡ ಕಾಯಿದೆ ಅದು.

ಅಂದಿನಿಂದ ಸೆರಗು ಹೊದ್ದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಕರಡಿಗೆಗೆ ಬಲಗೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದೆ. ನೋಡುವವರಿಗೆ ಪೂಜೆ, ನನಗೆ ಪೂಜೆಯಿಲ್ಲ. ಪೂಜೆಯಾಗದ ಬಾಯಿಗೆ ಅನ್ನ ಹೇಗೆ ಹಾಕುವುದು? ಕೂಸಿಗೆ ಹಾಲಾಗಬೇಕಲ್ಲ ಎಂದು ಒಂದು ಹೊತ್ತು ಅರ್ಧ ರೊಟ್ಟಿ ತಿನ್ನುತ್ತಿದ್ದೆ. ನೀರನ್ನೂ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಕಡಿಮೆ ತಿಂದಷ್ಟೂ ಹೊಟ್ಟೆ ಗಟ್ಟಿಯಾಯಿತು, ಗಟ್ಟಿಯಾದಷ್ಟೂ ತಿಣುಕಿದೆ, ತಿಣುಕಿದಷ್ಟೂ ಹೆಚ್ಚು ಹೊರಗೆ ಬಂತು. ಹೆಚ್ಚು ಬಂದಷ್ಟೂ ಲಿಂಗ ದೂರವಾಯಿತು. ಮತ್ತೆ ನನ್ನ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು, ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಣ್ಣುವ ದಿನ ಬರುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ. ಅದು ಬಿಟ್ಟು ನನಗೆ ಬೇರೇನೂ ಬೇಕಾಗಿರಲಿಲ್ಲ.

ಅತ್ತೆಗೆ ಇದರಿಂದ ಎಲ್ಲಿಲ್ಲದ ಹೆಮ್ಮೆ! "ನಮ್ಮ ನೀಲಮ್ಮ ಒಪ್ಪತ್ತು ಹಿಡದಾಳ್ರಿ. ಈ ವಯಸ್ಸಿನ್ಯಾಗ ಯಾರು ಮಾಡ್ತಾರ್ರಿ?" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಹೆಂಗಸರು ಬಂದು ನನ್ನ ಕಾಲಿಗೆ ಬೀಳುವುದೊಂದು ಬಾಕಿ. ನನಗೆ ಅಳಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ.

ಆ ವರ್ಷ ಊರಿಗೂ ಏನೂ ತಿಳಿಯುತ್ತಿರಲಿಲ್ಲ. ನಿಜಾಮರ ರಾಜ್ಯ ಇರುತ್ತದೆ ಎಂದು ಕೆಲವರು, ಹೋಗುತ್ತದೆ ಎಂದು ಕೆಲವರು. ಬೆಳಗ್ಗೆ ನಿಜಾಮರ ಕಡೆಯ ರಜಾಕಾರರು ಬರುತ್ತಾರೆ ಎಂಬ ಸುದ್ದಿ, ಮಧ್ಯಾಹ್ನ ಅದು ಸುಳ್ಳು ಎಂಬ ಸುದ್ದಿ. ಕೊನೆಗೆ ನಮ್ಮ ಮನೆಯವರು ಭಾಲ್ಕಿಯಲ್ಲೇ ಉಳಿದು, ಅತ್ತೆಯನ್ನೂ ನನ್ನನ್ನೂ ಮಕ್ಕಳನ್ನೂ ಔರಾದಿಗೆ ಕಳಿಸಿದರು. ಅಲ್ಲಿ ನನ್ನ ನಾದಿನಿ ಕಾಶಮ್ಮನ ಮನೆ. ಅಲ್ಲಿಗೆ ಹೋದರೆ ನಮ್ಮಂತೆಯೇ ಬೇರೆ ಬೇರೆ ಊರಿನಿಂದ ಬಂದ ನೆಂಟರಿಂದ ಮನೆ ತುಂಬಿತ್ತು. ಮಲಗಲು ಜಾಗವಿಲ್ಲ, ಅಳಲು ಮರೆಯಿಲ್ಲ.

ಬಯಲಿಗೆ ಹೋಗುವುದೇ ದೊಡ್ಡ ಸಂಕಟ. ಹೆಂಗಸರೆಲ್ಲ ಗುಂಪಾಗಿ ಹೋಗಬೇಕು, ಗುಂಪಾಗಿಯೇ ಬರಬೇಕು, ಒಬ್ಬರೂ ಹಿಂದೆ ಉಳಿಯುವಂತಿಲ್ಲ. ಉಳಿದವರದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ನನ್ನದು ಇನ್ನೂ ಶುರುವೇ ಆಗಿರುತ್ತಿರಲಿಲ್ಲ. "ನೀಲಮ್ಮಾ, ಏಳ ತಾಯಿ, ಅಲ್ಲೇ ಮನಿ ಕಟ್ಟಿಯೇನು?" ಎಂದು ಕಾಶಮ್ಮ ಗದರಿಸುತ್ತಿದ್ದಳು. ನಾನು ಅರ್ಧಕ್ಕೇ ಎದ್ದುಬರುತ್ತಿದ್ದೆ. ಆಮೇಲೆ ಎರಡು ದಿನ ಹೋಗುತ್ತಲೇ ಇರಲಿಲ್ಲ.

ಒಂದು ದಿನ ಬೆಳಕು ಹರಿದ ಮೇಲೆ ಜೋಳದ ಹೊಲದಲ್ಲಿ ಕೂತಿದ್ದೆವು. ಜೋಳ ಆಳೆತ್ತರ ಬೆಳೆದಿತ್ತು. ದಾರಿಯ ಕಡೆಯಿಂದ ಮೋಟಾರುಗಳ ಸದ್ದು ಬಂತು. ಒಂದಲ್ಲ, ಸಾಲಾಗಿ. "ಬಂದ್ರು!" ಎಂದು ಯಾರೋ ಚೀರಿದರು. ಹೆಂಗಸರು ತಂಬಿಗೆ ಅಲ್ಲೇ ಬಿಟ್ಟು ಓಡಿದರು. ನನಗೆ ಏಳಲು ಆಗಲಿಲ್ಲ. ಅದು ಹೊರಗೆ ಬಂದಿತ್ತು, ಮುಷ್ಟಿಯಷ್ಟು. ಹೆದರಿಕೆಗೆ ಮೈ ಬಿಗಿದು ಎಷ್ಟು ಒತ್ತಿದರೂ ಒಳಗೆ ಹೋಗಲೊಲ್ಲದು. ಮೋಟಾರುಗಳು ಹೋಗುತ್ತಲೇ ಇದ್ದವು. ಜೋಳದ ದಂಟು ಹಿಡಿದುಕೊಂಡು, "ಯಾರಾದರೂ ಬಂದು ಕೊಂದರೂ ಸರಿ, ಇದೊಂದು ಒಳಗೆ ಹೋಗಲಪ್ಪಾ" ಎಂದು ಬಸವಣ್ಣನನ್ನು ಬೇಡಿಕೊಂಡೆ.

ಕಾಶಮ್ಮ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಅಷ್ಟು ದೂರ ಓಡಿ ಹಿಂದಕ್ಕೆ ಬಂದಿದ್ದಳು. ನನ್ನ ಕೈ ಹಿಡಿದು ಎಳೆಯಲು ಬಗ್ಗಿದವಳು ಕಂಡದ್ದನ್ನು ಕಂಡು ಬಾಯಿಗೆ ಸೆರಗು ಹಿಡಿದಳು.

"ಯವ್ವಾ, ಇದೇನ ನೀಲಮ್ಮಾ? ಕರುಳ ಹೊರಗ ಬಂದದಲ್ಲ!"

"ಹೌದ್ರಿ ಕಾಶಮ್ಮಾ. ದಿನಾ ಬರ್ತದ."

"ದಿನಾ? ಯಾವಾಗಿಂದ?"

"ಮಗಳು ಹುಟ್ಟಿದಾಗಿಂದ."

ಅವಳು ನನ್ನ ಪಕ್ಕ ಕೂತಳು. "ಉಸರ ಬಿಡು ಮೆಲ್ಲಕ. ನಾ ಇದ್ದೇನಿ. ಮೈ ಸಡ್ಲ ಬಿಡು," ಎಂದು ಬೆನ್ನು ಸವರಿದಳು. ಮೋಟಾರಿನ ಸದ್ದು ದೂರವಾದ ಮೇಲೆ ಅದು ತಾನಾಗಿ ಒಳಗೆ ಹೋಯಿತು. ಮನೆಗೆ ಬಂದರೆ ಜನ ಬೀದಿಯಲ್ಲಿ ನಿಂತು ಭಾರತದ ಫೌಜು ಬಂತು, ನಿಜಾಮರದು ಮುಗಿಯಿತು ಎಂದು ಕೂಗುತ್ತಿದ್ದರು. ನಾನು ಕೇಳಿದ ಮೋಟಾರುಗಳು ಆ ಫೌಜಿನವೋ, ಊರು ಬಿಟ್ಟು ಹೋಗುತ್ತಿದ್ದವರವೋ, ನನಗೆ ಇಂದಿಗೂ ಗೊತ್ತಿಲ್ಲ.

ಕಾಶಮ್ಮ ಆ ದಿನವೇ ತನ್ನ ತಾಯಿಗೆ, ಅಂದರೆ ನನ್ನ ಅತ್ತೆಗೆ, ಹೇಳಿಬಿಟ್ಟಳು. ಅತ್ತೆ ನನ್ನನ್ನು ಒಮ್ಮೆ ನೋಡಿದರು, ಆಮೇಲೆ ಬಹಳ ಹೊತ್ತು ಅಕ್ಕಿ ಆರಿಸುತ್ತ ಕೂತರು. ನನಗೆ ಎಡಗೈಯ ವಿಷಯವನ್ನೂ ಹೇಳಬೇಕು ಅನಿಸಿತು. ಹೇಳದೆ ಕೂಸನ್ನು ಎತ್ತಿಕೊಂಡು ಹೊರಗೆ ಹೋದೆ.

ಔರಾದಿನಲ್ಲಿ ಒಬ್ಬ ವಯಸ್ಸಾದ ಮುಸಲ್ಮಾನ ಹಕೀಮರು ಇದ್ದರು. ಊರಿನ ಮಕ್ಕಳೆಲ್ಲ ಅವರ ಪುಡಿ ತಿಂದೇ ದೊಡ್ಡವರಾದದ್ದು. ಕಾಶಮ್ಮ ನನ್ನನ್ನು ಕರೆದುಕೊಂಡು ಹೋಗಿ ಅವರ ಬಾಗಿಲು ತಟ್ಟಿದಳು. ಒಳಗೆ ಜನ ಇರುವುದು ಗೊತ್ತಾಗುತ್ತಿತ್ತು, ಬಾಗಿಲು ತೆಗೆಯಲಿಲ್ಲ. "ಹಕೀಮ್ ಸಾಬ್, ನಾ ಕಾಶಮ್ಮ ಇದ್ದೇನ್ರಿ," ಎಂದಳು. ಆಗಲೂ ತೆಗೆಯಲಿಲ್ಲ. ನಿನ್ನೆಯವರೆಗೆ ನಾವು ಬಾಗಿಲು ಹಾಕಿಕೊಂಡಿದ್ದೆವು, ಇವತ್ತು ಅವರು ಹಾಕಿಕೊಂಡಿದ್ದರು. ಯಾರನ್ನೂ ಹೆದರಿಸದಿದ್ದ ಆ ಮುದುಕರು ಈಗ ನಮಗೆ ಹೆದರುತ್ತಿದ್ದಾರೆ ಎಂಬುದು ನನ್ನ ತಲೆಗೆ ಇಳಿಯಲೇ ಇಲ್ಲ. ಕಾಶಮ್ಮ ಹೊಸ್ತಿಲಿಗೆ ನಮಸ್ಕಾರ ಮಾಡಿ ನನ್ನನ್ನು ವಾಪಸು ಕರೆತಂದಳು.

ಭಾಲ್ಕಿಗೆ ಮರಳಿದ ಮೇಲೆ ಅತ್ತೆ ಮಗನನ್ನು ಅಂಗಳಕ್ಕೆ ಕರೆದು ಮೆಲ್ಲನೆ ಏನೋ ಹೇಳಿದರು. ನಮ್ಮ ಮನೆಯವರು ಕೆಂಪಾದರು. ನನ್ನ ಹತ್ತಿರ ಬಂದು, ನನ್ನ ಮುಖ ನೋಡದೆ, "ಕೂಡ್ಲಾಕ ತ್ರಾಸ ಆಗ್ತದೇನು?" ಎಂದರು. ಹೂಂ ಎಂದೆ. ಆಮೇಲೆ ಮಲಗುವ ಹೊರಸಿನ ನುಲಿಹಗ್ಗವನ್ನು ಪೂರ್ತಿ ಬಿಚ್ಚಿ, ನಡುವೆ ಒಂದಿಷ್ಟು ಜಾಗ ಸಡಿಲ ಬಿಟ್ಟು ಮತ್ತೆ ಹೆಣೆದರು. ಅದರ ಮೇಲೆ ಕೂತರೆ ಕೆಳಗೆ ಒತ್ತುತ್ತಿರಲಿಲ್ಲ. ಹೆಂಡತಿಯ ಜೊತೆ ಇಂಥ ಮಾತಾಡಲು ಬಾರದ ಮನುಷ್ಯ, ಪಾಪ, ಹಗ್ಗದ ಮೂಲಕ ಮಾತಾಡಿದರು. ಅವತ್ತು ನನಗೆ ಅವರ ಮೇಲೆ ಬಂದಷ್ಟು ಪ್ರೀತಿ ಮದುವೆಯಲ್ಲೂ ಬಂದಿರಲಿಲ್ಲ.

ರೈಲು ಮತ್ತೆ ಓಡಲು ಶುರುವಾದಾಗ ಅನ್ನ ತಿನ್ನಲು ಕಲಿತಿದ್ದ ಕೂಸನ್ನೂ ದೊಡ್ಡದನ್ನೂ ತವರಿನಲ್ಲಿ ಬಿಟ್ಟು ಅವರು, ಅತ್ತೆ, ನಾನು ಬೀದರಿಗೆ ಹೋದೆವು. ದವಾಖಾನೆಯ ಪಡಸಾಲೆ ತುಂಬಿ ಹೋಗಿತ್ತು. ಜ್ವರದವರು, ಗಾಯದವರು, ಯಾರನ್ನೋ ಹುಡುಕಿಕೊಂಡು ಬಂದವರು. ಯಾರಿಗೆ ಗಾಯ ಹೇಗಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಬೆಂಚಿನ ಮೇಲೆ ಒಂದೇ ಮಗ್ಗುಲಲ್ಲಿ ಕೂತಿದ್ದ ನನ್ನನ್ನು ಪಕ್ಕದ ಬುರ್ಖಾದ ಹೆಂಗಸು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಗಂಟಿನಿಂದ ಒಂದು ಹಳೆಯ ದುಪಟಿ ತೆಗೆದು, ಸಿಂಬಿಯಂತೆ ಸುತ್ತಿ, "ಇದರ ಮ್ಯಾಲ ಕೂಡವ್ವ" ಎಂದು ಕೊಟ್ಟಳು. ಅಚ್ಚ ಕನ್ನಡ! ಅವಳ ಗಂಡ ಎಲ್ಲಿದ್ದಾನೆ ಎಂದು ಇನ್ನೂ ಗೊತ್ತಾಗಿಲ್ಲ ಎಂದು ಆಮೇಲೆ ತಿಳಿಯಿತು. ತನ್ನದೇ ಅಷ್ಟು ದೊಡ್ಡ ದುಃಖ ಇರುವಾಗ ನನ್ನ ಕೂರುವ ತ್ರಾಸು ಅವಳ ಕಣ್ಣಿಗೆ ಹೇಗೆ ಬಿತ್ತೋ.

ಡಾಕ್ಟರ್ ಸಾಹೇಬರು ಹೈದರಾಬಾದಿನ ಕಡೆಯವರು, ನಡುವಯಸ್ಸಿನ ಮುಸಲ್ಮಾನರು. ಪರದೆಯ ಹಿಂದೆ ನನ್ನನ್ನು ಕುಕ್ಕುರುಗಾಲಲ್ಲಿ ಕೂರಿಸಿ, ತಿಣುಕಲು ಹೇಳಿದರು. ಗಂಡಸಿನ ಮುಂದೆ! ಭೂಮಿ ಬಾಯಿ ಬಿಡಬಾರದೇ ಅನಿಸಿತು. ಜೊತೆಗಿದ್ದ ಸಿಸ್ಟರಮ್ಮ ನನ್ನ ಭುಜ ಹಿಡಿದು, "ಸಾಹೇಬರು ದಿನಾ ನೋಡ್ತಾರಮ್ಮಾ, ಇದು ಅವರಿಗೆ ಹೊಸದಲ್ಲ," ಎಂದಳು. ದಿನಾ ನೋಡುತ್ತಾರೆ! ಅಂದರೆ ಇದು ಬೇರೆಯವರಿಗೂ ಇದೆ. ಅವಳು ಬೇರೇನು ಹೇಳಿದಳೋ ಕೇಳಿಸಲಿಲ್ಲ. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಸುಮ್ಮನೆ ಅತ್ತುಬಿಟ್ಟೆ.

ಸಾಹೇಬರು ಹೊರಗೆ ಬಂದು ನಮ್ಮ ಮನೆಯವರಿಗೆ ಉರ್ದುವಿನಲ್ಲಿ ಬಹಳ ಹೊತ್ತು ತಿಳಿಸಿ ಹೇಳಿದರು. ಕೈಯಲ್ಲಿ ಉಂಗುರದ ಹಾಗೆ ಮಾಡಿ ತೋರಿಸಿದರು. ನಮ್ಮ ಮನೆಯವರು ಎಲ್ಲದಕ್ಕೂ "ಜೀ ಹಾಂ" ಎಂದು ತಲೆಯಾಡಿಸಿ ನನ್ನ ಹತ್ತಿರ ಬಂದರು.

"ಏನಂದ್ರು?" ಎಂದೆ.

"ಏನಿಲ್ಲ. ಜರಾ ಹೊಲಿಗಿ ಹಾಕ್ತಾರಂತ."

"ಅಷ್ಟುದ್ದ ಮಾತಾಡಿದ್ರಲ್ರಿ?"

"ಅದೇ, ಹೊಲಿಗಿ," ಎಂದು ಎಲೆ ಅಡಿಕೆ ತರುವ ನೆಪದಲ್ಲಿ ಹೊರಗೆ ಹೋದರು.

ಸಿಸ್ಟರಮ್ಮ ಬಂದು ಬೇರೆಯೇ ಹೇಳಿದಳು. ಕರುಳು ಜಾರುವ ದಾರಿ ಸಡಿಲವಾಗಿದೆ, ಅದರ ಸುತ್ತ ಚರ್ಮದ ಒಳಗೆ ಬೆಳ್ಳಿಯ ತಂತಿ ಹಾಕಿ ಬಿಗಿ ಮಾಡುತ್ತಾರೆ. ನಾನು ಬಾಯಿ ತೆರೆದು ನೋಡಿದೆ. ಬೆಳ್ಳಿ? ಅಲ್ಲಿ? ಕಾಲುಂಗುರಕ್ಕೆ ಹಾಕುವ ಬೆಳ್ಳಿಯನ್ನು ಅಲ್ಲಿ ಹಾಕುತ್ತಾರಾ? ಹಾಕಿದ ಮೇಲೆ ಹೋಗುವುದು ಹೇಗೆ? ಮುಂದೆ ಹಡೆಯುವುದು ಹೇಗೆ? ಕೇಳಿದರೆ ಅವಳು ಒಂದಿಷ್ಟು ತೆಲುಗಿನಲ್ಲಿ, ಒಂದಿಷ್ಟು ಕನ್ನಡದಲ್ಲಿ ಹೇಳಿದಳು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ.

ಆಪರೇಶನ್ ದಿನ ಥಿಯೇಟರಿನ ಬಾಗಿಲಲ್ಲಿ ದೊಡ್ಡ ಜಗಳವೇ ಆಯಿತು. ಮೈಮೇಲಿನ ಲೋಹದ್ದೆಲ್ಲ ತೆಗೆಯಬೇಕು ಎಂದಳು ಸಿಸ್ಟರಮ್ಮ. ತಾಳಿ, ಬಳೆ, ಮೂಗುತಿ ತೆಗೆದು ಅತ್ತೆಯ ಸೆರಗಿಗೆ ಹಾಕಿದೆ. ಅವಳು ಕರಡಿಗೆಗೆ ಕೈ ಹಾಕಿದಳು.

ಅತ್ತೆ ಅಡ್ಡ ನಿಂತರು. "ಅದಕ್ಕ ಕೈ ಹಚ್ಚಬ್ಯಾಡ್ರಿ."

"ಬೆಳ್ಳಿ ಅಮ್ಮಾ, ಒಳಗ ಬಿಡಂಗಿಲ್ಲ."

"ಒಳಗ ಬೆಳ್ಳಿ ಹಾಕೋರು ನೀವು, ಹೊರಗಿನ ಬೆಳ್ಳಿ ತೆಗಿ ಅಂತೀರಿ. ಇದ್ಯಾವ ನ್ಯಾಯರಿ? ಬೇಕಾದ್ರ ಕರಡಗಿ ತೆಗಿರಿ. ಲಿಂಗ ಮೈ ಮ್ಯಾಲೇ ಇರಬೇಕು. ಇಲ್ಲಾಂದ್ರ ಹಿಂಗೇ ಕರ್ಕೊಂಡು ಹೋಗ್ತೇನಿ!"

ಸದ್ದು ಕೇಳಿ ಡಾಕ್ಟರ್ ಸಾಹೇಬರೇ ಹೊರಗೆ ಬಂದರು. ಅತ್ತೆ ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ನಿಂತು ಕೇಳಿದರು. ಆ ದಿನಗಳಲ್ಲಿ ಅವರು ಕೋಪ ಮಾಡಿಕೊಳ್ಳಬಹುದಿತ್ತು, ಹೆದರಲೂಬಹುದಿತ್ತು. ಎರಡೂ ಮಾಡಲಿಲ್ಲ. ಕರಡಿಗೆ ಬೇಡ, ಲಿಂಗವನ್ನು ಕುದಿಸಿದ ಬಟ್ಟೆಯಲ್ಲಿ ಸುತ್ತಿ ಅವಳ ಮುಷ್ಟಿಯಲ್ಲೇ ಇಟ್ಟು ಪಟ್ಟಿ ಕಟ್ಟಿ ಎಂದರು. ಬಲಗೈ ನಾಡಿ ನೋಡಲು, ಸೂಜಿಗೆ ಬೇಕು. ಎಡಗೈಗೆ ಕಟ್ಟಿ.

ಸಿಸ್ಟರಮ್ಮ ಪಟ್ಟಿ ತಂದು ನನ್ನ ಎಡಗೈ ಹಿಡಿದಳು. ನಾನು ಕಿತ್ತುಕೊಂಡು ಬೆನ್ನ ಹಿಂದೆ ಇಟ್ಟುಕೊಂಡೆ.

"ಎಡಗೈ ಬ್ಯಾಡ್ರಿ! ಬ್ಯಾರೆ ಎಲ್ಲ್ಯರ ಕಟ್ಟರಿ, ಜಡಿಗಿ ಕಟ್ಟರಿ. ಎಡಗೈ ಬ್ಯಾಡ!"

"ಯಾಕ?" ಎಂದರು ಅತ್ತೆ. "ಅದು ಅದರ ಜಾಗ ಅಲ್ಲೇನು?"

ಸಾಹೇಬರು, ಸಿಸ್ಟರಮ್ಮ, ಬಾಗಿಲಾಚೆ ನಮ್ಮ ಮನೆಯವರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನಿಂದ ಇನ್ನು ತಡೆಯಲು ಆಗಲಿಲ್ಲ. ಆ ಕೈಯಿಂದ ನಾನು ಏನು ಮಾಡುತ್ತೇನೆ, ಎಷ್ಟು ತಿಂಗಳಿಂದ ಲಿಂಗವನ್ನು ಅದರಲ್ಲಿ ಇಟ್ಟಿಲ್ಲ, ಯಾಕೆ ಉಣ್ಣುವುದಿಲ್ಲ, ಎಲ್ಲವನ್ನೂ ಕೂಗಿಕೊಂಡೆ. "ನಂದು ಒಪ್ಪತ್ತಲ್ರಿ ಅತ್ತಿ. ಪೂಜಿ ಆಗಿಲ್ಲಂತ ಉಂಡಿಲ್ರಿ," ಎಂದು ಅಳುತ್ತ ನೆಲಕ್ಕೆ ಕೂತುಬಿಟ್ಟೆ. ಸಾಹೇಬರಿಗೆ ಎಷ್ಟು ತಿಳಿಯಿತೋ ಕಾಣೆ, ಅವರು ಗೋಡೆಯ ಕಡೆ ತಿರುಗಿ ನಿಂತರು.

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಮುಂದೆ ಕೂತು, ಬೆನ್ನ ಹಿಂದಿನ ಕೈಯನ್ನು ಎಳೆದು ತೆಗೆದು, ಬೆರಳು ಒಂದೊಂದಾಗಿ ಬಿಡಿಸಿದರು.

"ಹುಚ್ಚಿ. ಹಡದಾಗ ಶಿವ ನಿನ್ನ ಬಿಡಲಿಲ್ಲ, ಮುಟ್ಟಾದಾಗ ಬಿಡಲಿಲ್ಲ. ಇದಕ್ಕ ಬಿಟ್ಟು ಹೋಗ್ತಾನೇನು? ಲಿಂಗವಂತರಿಗಿ ಸೂತಕ ಎಲ್ಲೀದು? ಕೈ ಕೊಡು."

ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ತಾವೇ ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಸಿಸ್ಟರಮ್ಮ ಪಟ್ಟಿ ಸುತ್ತಿದಳು.

ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದಿಂದ ಕೆಳಗೆ ನಾನಿಲ್ಲ. ಮೇಲೆ ಮಾತ್ರ ಪೂರ್ತಿ ಎಚ್ಚರ. ಕಾಲುಗಳನ್ನು ಎತ್ತಿ ಕಟ್ಟಿದ್ದಾರೆ, ಯಾರ ಕಾಲೋ ಅನಿಸುತ್ತಿತ್ತು. ಬಿಳಿ ಬಟ್ಟೆಯ ಆಚೆಯಿಂದ ಸಾಹೇಬರು ಹರಕು ಮುರುಕು ಕನ್ನಡದಲ್ಲಿ ನನ್ನನ್ನೇ ಕೇಳಿದರು, ಭಾಲ್ಕಿಯಿಂದ ಬರುವಾಗ ರೈಲು ಸರಿಯಾಗಿ ಓಡುತ್ತಿತ್ತೇ, ಹೈದರಾಬಾದಿನ ಕಡೆಯಿಂದ ಬಂದ ಗಾಡಿ ನೋಡಿದೆಯಾ ಎಂದು. ಅವರ ತಾಯಿ ಅಲ್ಲಿದ್ದರಂತೆ, ಸುದ್ದಿಯಿಲ್ಲವಂತೆ. ನಾನು ಯಾವ ಗಾಡಿಯನ್ನೂ ನೋಡಿರಲಿಲ್ಲ. ಆದರೂ "ಬರ್ಲಿಕತ್ತಾವ್ರಿ ಸಾಹೇಬರ, ಎಲ್ಲಾ ಗಾಡಿ ಬರ್ಲಿಕತ್ತಾವ" ಎಂದೆ. ಯಾರು ಯಾರಿಗೆ ಧೈರ್ಯ ಹೇಳಬೇಕಾಗಿತ್ತೋ! ಮುಷ್ಟಿಯೊಳಗೆ ಲಿಂಗ ನನ್ನ ಮೈ ಬಿಸಿಗೆ ಬೆಚ್ಚಗಾಗಿತ್ತು. ಅದನ್ನು ಬಿಟ್ಟರೆ ಬೇರೆ ಯಾವುದರ ಮೇಲೂ ನನಗೆ ಹಿಡಿತವಿರಲಿಲ್ಲ.

ಆಮೇಲಿನ ದಿನಗಳಲ್ಲಿ ನೋವಿಗಿಂತ ಹೆದರಿಕೆ ದೊಡ್ಡದು. ತಂತಿ ಬಿಗಿಯಾಗಿದ್ದರೆ ಹೊಟ್ಟೆ ಕಟ್ಟುತ್ತದೆ, ಸಡಿಲವಾಗಿದ್ದರೆ ಮತ್ತೆ ಜಾರುತ್ತದೆ. ಮೊದಲ ಸಲ ಹೋಗಬೇಕಾದ ಬೆಳಗ್ಗೆ ಸಿಸ್ಟರಮ್ಮ ಎಣ್ಣೆಯ ಪಿಚಕಾರಿ ಕೊಟ್ಟು, "ತಿಣುಕಬೇಡ, ಸುಮ್ಮನೆ ಕೂಡು, ತಾನೇ ಬರುತ್ತದೆ" ಎಂದಳು. ತಿಣುಕದೆ ಕೂರುವುದು ನನಗೆ ಮರೆತೇ ಹೋಗಿತ್ತು. ಕೂತೆ. ಬೆವತೆ. ಉರಿಯಿತು, ಆಮೇಲೆ ಆಯಿತು. ರೂಢಿಯಂತೆ ಎಡಗೈ ಕೆಳಗೆ ಹೋಯಿತು. ಒತ್ತಲು ಅಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ ನೋಡಿದೆ. ಇರಲಿಲ್ಲ. ಅಳು ಬಂತು. ಸಂತೋಷಕ್ಕೋ, ಇಷ್ಟು ದಿನದ ಸಿಟ್ಟಿಗೋ ಹೇಳಲಾರೆ.

ಆವತ್ತು ಹಾಸಿಗೆಯ ಮೇಲೇ ಕೂತು ಲಿಂಗಪೂಜೆ ಮಾಡಿದೆ. ಅಂಗೈ ಚಾಚಿದೆ, ಲಿಂಗ ಇಟ್ಟುಕೊಂಡೆ. ಅತ್ತೆ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ ಕಟ್ಟು ತಂದಿದ್ದರು. ಕಣ್ಣೀರು ಬೀಳುತ್ತಿದ್ದಂತೆಯೇ ಬಟ್ಟಲು ಖಾಲಿ ಮಾಡಿದೆ, ಇನ್ನೂ ಬೇಕು ಎಂದೆ. ಅವರು ಬಡಿಸಿದರು. ಆಮೇಲೆ ಅತ್ತಿತ್ತ ನೋಡಿ ಹತ್ತಿರ ಸರಿದು ಕೂತರು.

"ನಿನ್ನ ಗಂಡನ್ನ ಹಡದಾಗಿಂದ ನನಗೂ ಬರ್ತದ," ಎಂದರು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಏನ್ ಬರ್ತದ್ರಿ?"

"ಅದೇ. ನಿಂದಷ್ಟು ದೊಡ್ಡದಲ್ಲ. ನಾನೂ ಇದೇ ಕೈಲೇ ಒಳಗ ಹಾಕ್ತೇನಿ. ಇದೇ ಕೈಯಾಗ ಪೂಜಿನೂ ಮಾಡ್ತೇನಿ."

ನನಗೆ ಬಂದ ಸಿಟ್ಟು ಎಂಥದ್ದು ಎಂದರೆ, ಹೊಲಿಗೆ ಬಿಚ್ಚಿಹೋದರೂ ಚಿಂತೆಯಿಲ್ಲ ಎನ್ನುವಂಥದ್ದು. "ನಾ ನಿಮ್ಮ ಕಣ್ಮುಂದೇ ಒಣಗಿ ಸಾಯ್ಲಿಕತ್ತಿದ್ನಲ್ರಿ ಅತ್ತಿ! ಔರಾದದಾಗ ಕಾಶಮ್ಮ ಹೇಳಿದಾಗರ ಒಂದ್ ಮಾತು ಅನಬಾರದಾಗಿತ್ತೇನ್ರಿ?"

"ಅನಬೇಕಂದಿದ್ದೆ. ಬಾಯಿಗಿ ಬಂದಿತ್ತು. ಮಗಳು ಎದುರಿಗೇ ನಿಂತಿದ್ದಳು." ಸೆರಗಿನಿಂದ ನನ್ನ ಬಾಯಿ ಒರೆಸಿದರು. "ನೀನರ ನನಗ ಹೇಳಿದ್ದೇನು?"

ಸಾಹೇಬರಿಗೆ ತೋರಿಸಿ ಎಂದು ಬೇಡಿಕೊಂಡೆ, ಜಗಳವಾಡಿದೆ, ಊಟ ಬಿಡುತ್ತೇನೆ ಎಂದು ಹೆದರಿಸಿದೆ. "ನಂದು ಆಯ್ತು ಬಿಡ, ಇದು ನನ್ನ ಕೂಡೇ ಹೋಗ್ತದ," ಎಂದರು. ಒಪ್ಪಲಿಲ್ಲ.

ತಂತಿ ನನ್ನೊಳಗೆ ಕೆಲವು ವರ್ಷ ಇತ್ತು. ಒಂದು ದಿನ ಅದು ಮುರಿದು ಚುಚ್ಚತೊಡಗಿತು, ಬೇರೆ ಡಾಕ್ಟರರು ತೆಗೆದುಹಾಕಿದರು. ಅಷ್ಟರಲ್ಲಿ ಒಳಗೆ ಗಾಯ ಗಟ್ಟಿಯಾಗಿ ಕೂತಿತ್ತೋ, ಹೊಟ್ಟೆ ತುಂಬ ಉಂಡು ನೀರು ಕುಡಿದು ತಿಣುಕುವುದು ಬಿಟ್ಟದ್ದಕ್ಕೋ, ಮತ್ತೆ ಜಾರಲಿಲ್ಲ. ಯಾವುದರಿಂದ ವಾಸಿಯಾಯಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಈಗಲೂ ಕೆಲವು ದಿನ ಹೋಗಿ ಬಂದರೂ ಹೋಗದಂತೆ ಅನಿಸುತ್ತದೆ. ಆ ದಿನ ಒಂದು ತಂಬಿಗೆ ಬಿಸಿನೀರು ಕುಡಿದು ಹಿತ್ತಲಲ್ಲಿ ಅಡ್ಡಾಡುತ್ತೇನೆ. ನಮ್ಮ ಸಾಹೇಬರು ಆ ಚಳಿಗಾಲದಲ್ಲೇ ಬೀದರ ಬಿಟ್ಟರು ಎಂದು ಕೇಳಿದೆ. ತಾಯಿ ಸಿಕ್ಕರೋ ಇಲ್ಲವೋ ತಿಳಿಯಲಿಲ್ಲ.

ಅತ್ತೆ ಬಹಳ ವರ್ಷ ಬದುಕಿದರು. ಅವರು ಹೋದ ದಿನ ಓಣಿಯ ಹೆಂಗಸರು ಮೈ ತೊಳೆಯಲು ಬಂದರು. "ನೀವು ಜರಾ ಹೊರಗ ಇರ್ರಿ, ನಾನೇ ತೊಳಿತೇನಿ," ಎಂದು ಎಲ್ಲರನ್ನೂ ಕಳಿಸಿ ಬಾಗಿಲು ಹಾಕಿದೆ. ನೀರು ಹಾಕುವಾಗ ನೋಡಿದೆ, ಅದು ಹೊರಗೆ ಬಂದಿತ್ತು. ನಿಂದಷ್ಟು ದೊಡ್ಡದಲ್ಲ ಎಂದಿದ್ದರು, ಸುಳ್ಳು. ನನ್ನದಕ್ಕಿಂತ ದೊಡ್ಡದಿತ್ತು. ಎಡಗೈಯಿಂದ ಮೆಲ್ಲಗೆ ಒಳಗೊತ್ತಿದೆ. ಸೀರೆ ಉಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದೆ. ಆಮೇಲೆ ಅವರ ಕರಡಿಗೆ ಬಿಚ್ಚಿ, ನಮ್ಮಲ್ಲಿ ಮಣ್ಣಿಗೆ ಕಳಿಸುವಾಗ ಇಡುವಂತೆ, ಲಿಂಗವನ್ನು ಅವರ ಎಡಗೈಯ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದೆ.